ಮೀನಿನವಳು ತುಂಬಿಸಿದ ಸಭೆ

ಹೆಮ್ಮಾಡಿಯ ನಮ್ಮ ಮನೆಗೆ ಮೀನು ತರುತ್ತಿದ್ದವಳ ದನಿ ಅವಳಿಗಿಂತ ಮೊದಲೇ ಅಂಗಳಕ್ಕೆ ಬರುತ್ತಿತ್ತು: "ಹ್ವಾಯ್, ಬಂಗುಡೆ ಬೇಕಾ?" ಬೇಡವೆಂದರೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಡ್ಡಿಲ್ಲೆ, ನಾಳೆ ಬತ್ತೆ" ಎಂದು ಬುಟ್ಟಿ ಎತ್ತುತ್ತಿದ್ದಳು.

ಅಲ್ಝೈಮರ್ ಕಾಯಿಲೆಯ ಬಗ್ಗೆ ಊರವರಿಗೆ ತಿಳಿಸಲು ನಾವು ಕೆಲವರು ಶಾಲೆಯಲ್ಲಿ ಸಭೆ ಕರೆದಿದ್ದೆವು. ಕರಪತ್ರ ಹಂಚುತ್ತಿದ್ದವನು ನಾನೇ. ಆದರೆ ಅದೇ ಕಾಯಿಲೆಯ ನನ್ನ ಅಮ್ಮನನ್ನು, ಯಾರಾದರೂ ಬಂದರೆ, ಒಳಕೋಣೆಗೆ ಸೇರಿಸುತ್ತಿದ್ದವನೂ ನಾನೇ. ಮೀನಿನವಳು ಕರಪತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

"ಕಾಗ್ದ ಕೊಟ್ರೆ ಯಾರ್ ಬತ್ರ್? ನಾನ್ ನಮ್ ಅತ್ತೆನ್ ಕರ್ಕಂಡ್ ಬತ್ತೆ. ನೀವ್ ಅಮ್ಮನ್ ಕರ್ಕಂಡ್ ಬನ್ನಿ."

ಯಾವ ಮನೆಯ ಒಳಕೋಣೆಯಲ್ಲಿ ಯಾರಿದ್ದಾರೆಂದು ಅವಳಿಗೆ ಗೊತ್ತಿತ್ತು. ಮೀನು ಕೊಡುತ್ತ ಮನೆಮನೆಯಲ್ಲೂ ಇದನ್ನೇ ಹೇಳಿದಳು.

ಸಭೆಯ ದಿನ ಕುರ್ಚಿ ಸಾಲಲಿಲ್ಲ. ವರ್ಷಗಳಿಂದ ಹೊರಗೆ ಕಾಣದವರು ಮಕ್ಕಳ ಕೈಹಿಡಿದು ಬಂದರು. ನನ್ನ ಅಮ್ಮ ಮೊದಲ ಸಾಲಿನಲ್ಲಿದ್ದಳು. ಮೀನಿನವಳು ಅತ್ತೆಯೊಡನೆ ಮೈಕಿನ ಮುಂದೆ ನಿಂತಾಗ, ಆ ಮುದುಕಿ ಅವಳನ್ನೇ ದಿಟ್ಟಿಸಿ ಕೇಳಿದಳು: "ನೀನ್ ಯಾರ್ ಮಾರಾಯ್ತಿ?"



ಮೀನಿನವಳು ಸೆರಗಿನಿಂದ ಅತ್ತೆಯ ಮುಖ ಒರೆಸಿ ನಕ್ಕಳು. "ನಿಮ್ ಸೊಸೆ, ಅತ್ತೆ. ನೆನಪಿಲ್ದಿರೆ ಅಡ್ಡಿಲ್ಲೆ, ನಾಳೆನೂ ಹೇಳ್ತೆ."

ಮೊದಲು ಚಪ್ಪಾಳೆ ತಟ್ಟಿದವಳು ನನ್ನ ಅಮ್ಮ.