ಮೈದಾನ ಖಾಲಿಯಿದ್ದ ಒಂದು ಭಾನುವಾರ

ಪಶ್ಚಿಮ ಬೆಂಗಳೂರಿನ ಫುಟ್‌ಬಾಲಿಗೆ ಇತಿಹಾಸವೇ ಇಲ್ಲವೆಂದು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯವರು ಈಗಲೂ ನಗುತ್ತಾರೆ. ಹಲಸೂರು, ಆಸ್ಟಿನ್ ಟೌನ್‌ಗಳಲ್ಲಿ ತಾತ, ಅಪ್ಪ, ಮಗ ಮೂವರೂ ಒಂದೇ ಕ್ಲಬ್ಬಿಗೆ ಆಡಿದ ಮನೆಗಳಿವೆಯಂತೆ. ನಮ್ಮ ರಾಜಾಜಿನಗರದಲ್ಲಿ ತಾತಂದಿರು ಗರಡಿಗೆ ಹೋದವರು, ಅಪ್ಪಂದಿರು ಆಫೀಸಿಗೆ ಹೋದವರು. ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಹೈಸ್ಕೂಲು ಹುಡುಗರು ಚೆಂಡನ್ನು ಒದೆಯತೊಡಗಿದಾಗ ಬಡಾವಣೆಯ ಹಿರಿಯರಿಗೆ ಅದು ಆಟವೆಂದು ತೋರಲಿಲ್ಲ, ತಂಟೆಯೆಂದು ತೋರಿತು. ಆದರೂ ನಮಗೊಂದು ಇತಿಹಾಸವಿತ್ತು. ಅದು ಹೇಗೆ ಮುಗಿಯಿತೆಂದು ಬಲ್ಲವರು ಬಾಯಿ ಬಿಡುತ್ತಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಆಟವನ್ನು ಈ ಕಡೆಗೆ ತಂದವರು ಒಬ್ಬ ಕಾರ್ಖಾನೆ ನೌಕರ. ದಂಡಿನಲ್ಲಿ ಹುಟ್ಟಿ ಬೆಳೆದವರು. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿ ನಮ್ಮ ಬ್ಲಾಕಿನಲ್ಲಿ ಬಾಡಿಗೆಗೆ ಬಂದಿದ್ದರು. ಎಡ ಮಂಡಿ ಮುರಿದು ಲೀಗ್ ಆಟ ತಪ್ಪಿಹೋಗಿದ್ದ ಮನುಷ್ಯ. ಶಿಫ್ಟು ಮುಗಿಸಿ, ಖಾಕಿ ಬಟ್ಟೆಯಲ್ಲೇ, ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುತ್ತ ಅವರು ಬಂದರೆ ನಾಲ್ಕು ಬೀದಿಗಳ ಹುಡುಗರು ಮನೆಯಿಂದ ಹೊರಬೀಳುತ್ತಿದ್ದರು. ನಾವು ಅವರನ್ನು ಅಣ್ಣ ಎನ್ನುತ್ತಿದ್ದೆವು. ಬೇರೆ ಯಾರನ್ನೂ ಆ ಧ್ವನಿಯಲ್ಲಿ ಹಾಗೆ ಕರೆದದ್ದು ನನಗೆ ನೆನಪಿಲ್ಲ.

ಬಡಾವಣೆಯ ಅಂಚಿನಲ್ಲಿ, ಬಸವೇಶ್ವರನಗರದ ಸೈಟುಗಳಿಗೆ ಇನ್ನೂ ಕಲ್ಲು ನೆಡುತ್ತಿದ್ದ ಕಡೆ, ನಕ್ಷೆಯಲ್ಲಿ ಮಕ್ಕಳ ಆಟಕ್ಕೆಂದು ಬಿಟ್ಟಿದ್ದ ಒಂದು ಬಯಲಿತ್ತು. ಲಂಟಾನ, ಮುಳ್ಳು, ಒಡೆದ ಹೆಂಚು. ಒಂದು ಬೇಸಿಗೆಯ ರಜೆಯನ್ನೆಲ್ಲ ಕೊಟ್ಟು ನಾವೇ ಅದನ್ನು ಸಮ ಮಾಡಿದೆವು. ನೀಲಗಿರಿ ಕಂಬಗಳನ್ನು ನೆಟ್ಟು ಗೋಲು ಮಾಡಿದೆವು. ದಾವಣಗೆರೆ ಕಡೆಯಿಂದ ಬಂದ ನಮ್ಮಂಥ ಲಿಂಗಾಯತರ ಮನೆಗಳಲ್ಲಿ ಚರ್ಮದ ಚೆಂಡು ಹೊಸ್ತಿಲು ದಾಟುವಂತಿರಲಿಲ್ಲ. ಅದು ಗೋಲ್‌ಕೀಪರನ ಮನೆಯಲ್ಲಿ ಇರುತ್ತಿತ್ತು. ಕಾಮಾಕ್ಷಿಪಾಳ್ಯದ ಗಿರಣಿ ಕಾರ್ಮಿಕರ ಮಗ ಅವನು, ನನಗಿಂತ ಎರಡು ವರ್ಷ ದೊಡ್ಡವನು, ಮನೆಯಲ್ಲಿ ತಮಿಳು ಆಡುವವನು. "ನಿಮ್ಮನೇಲಿ ದೇವರು, ನಮ್ಮನೇಲಿ ಚೆಂಡು ಮಚ್ಚಾ. ಎರಡಕ್ಕೂ ದಿನಾ ಎಣ್ಣೆ ಹಾಕ್ಬೇಕು," ಎಂದು ಅವನು ನನ್ನನ್ನು ಗೇಲಿ ಮಾಡುತ್ತಿದ್ದ.

ಆಗ ಈ ಭಾಗದಲ್ಲಿ ಮೂರು ಕ್ಲಬ್ಬುಗಳಿದ್ದವು. ವಿಜಯನಗರದ ತಂಡದ ಮೈದಾನವೆಂದರೆ ಇನ್ನೂ ಮನೆ ಏಳದ ಸೈಟುಗಳು. ಒಂದೊಂದು ಗೃಹಪ್ರವೇಶಕ್ಕೂ ಅವರ ಅಂಕಣ ಒಂದೊಂದು ಮೂಲೆಯನ್ನು ಕಳೆದುಕೊಳ್ಳುತ್ತಿತ್ತು. ಕೊನೆಗೆ ಕಾರ್ನರ್ ಕಿಕ್ ಹೊಡೆಯುವವನು ಯಾರದೋ ಜಗಲಿಯ ಮೇಲೆ ನಿಲ್ಲಬೇಕಾಯಿತು, ತಂಡ ಒಡೆಯಿತು. ಮಾಗಡಿ ರಸ್ತೆಯ ತಂಡದ ಕಥೆ ಬೇರೆ. ಅವರು ಪರೀಕ್ಷೆಗೆಂದು ಆಟ ನಿಲ್ಲಿಸಿದ್ದಾಗ ಯಾರೋ ಮೈದಾನದ ನಡುವೆ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದರು. ಹುಡುಗರು ಮರಳಿ ಬರುವಷ್ಟರಲ್ಲಿ ಅದರೊಳಗೆ ಸೌದೆ ಡಿಪೋ ನಡೆಯುತ್ತಿತ್ತು. ಕೇಳಲು ಹೋದವರಿಗೆ ಸಿಕ್ಕ ಉತ್ತರ ಒಂದೇ: "ಇಲ್ಲಿ ಯಾರೂ ಆಡ್ತಿರ್ಲಿಲ್ವಲ್ಲಪ್ಪ."

ಈ ಉತ್ತರವನ್ನು ನಮಗೆ ಪಾಠವಾಗಿ ಹೇಳಿಕೊಟ್ಟವರು ಅಣ್ಣನೇ. ನಮ್ಮ ಕ್ಲಬ್ಬಿನ ಒಂದೇ ಕಾನೂನನ್ನು ಅವರು ಅಂದು ಮಾಡಿದರು: ಯಾವ ಸಂಜೆಯೂ ಮೈದಾನ ಖಾಲಿ ಇರಕೂಡದು.

"ಆಡೋರು ಇಲ್ಲ ಅಂದ್ರೆ ಅದು ಮೈದಾನ ಅಲ್ಲ ಕಣ್ರೋ, ಸೈಟು. ಹಬ್ಬ ಇರ್ಲಿ, ಜ್ವರ ಇರ್ಲಿ, ಇಬ್ಬರಾದ್ರೂ ಬಂದು ಒದೀಬೇಕು. ತಿಳೀತಾ?"

ನಮಗೆ ಚೆನ್ನಾಗಿಯೇ ತಿಳಿಯಿತು. ದೀಪಾವಳಿಯಂದು ಎಣ್ಣೆ ಸ್ನಾನದ ತಲೆಯಲ್ಲಿ ಆಡಿದೆವು. ಕನ್ನಡ ಪರೀಕ್ಷೆಯ ಹಿಂದಿನ ದಿನ ಗೋಲ್‌ಕೀಪರ್ ಒಂದು ಕೈಯಲ್ಲಿ ವ್ಯಾಕರಣದ ಪುಸ್ತಕ ಹಿಡಿದು ಇನ್ನೊಂದು ಕೈಯಲ್ಲಿ ಚೆಂಡು ತಡೆದ. ಜೋರು ಮಳೆಯಲ್ಲಿ ಇಬ್ಬರು ಗೋಣಿಚೀಲ ಹೊದ್ದು ಅತ್ತಿಂದಿತ್ತ ಚೆಂಡು ತಳ್ಳುತ್ತಿದ್ದರೆ ದಾರಿಹೋಕರು ನಿಂತು ನೋಡುತ್ತಿದ್ದರು. ಅದು ಹುಚ್ಚಾಟವಾಗಿರಲಿಲ್ಲ. ಮೈದಾನ ಹೋದರೆ ಕ್ಲಬ್ ಹೋಯಿತು. ಕ್ಲಬ್ಬನ್ನು ಬಿಟ್ಟರೆ, ಗಿರಣಿ ಕಾರ್ಮಿಕನ ಮಗನೂ ಗುಮಾಸ್ತನ ಮಗನೂ ಒಬ್ಬರನ್ನೊಬ್ಬರು ಏಕವಚನದಲ್ಲಿ ಬೈಯಬಹುದಾದ ಜಾಗ ಆ ಬಡಾವಣೆಯಲ್ಲಿ ಬೇರೆಲ್ಲೂ ಇರಲಿಲ್ಲ.

ಬಡಾವಣೆಯ ನಾಗರಿಕರ ಸಮಿತಿಗೆ ಆ ಬಯಲಿನ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಬೇಕೆಂಬುದು ಅದರ ಅಧ್ಯಕ್ಷರಾಗಿದ್ದ ನಿವೃತ್ತ ಅಧಿಕಾರಿಯೊಬ್ಬರ ಹಂಬಲ. ನನ್ನ ತಂದೆ ಆ ಸಮಿತಿಯ ಸದಸ್ಯರು. ಅಧ್ಯಕ್ಷರು ಒಮ್ಮೆ ಸಂಜೆ ಬಂದು ಮೈದಾನದ ಅಂಚಿನಲ್ಲಿ ನಿಂತು, "ಎಷ್ಟು ದಿನ ಒದೀತೀರಪ್ಪ?" ಎಂದು ಕೇಳಿದ್ದರು. "ನೀವು ಎಷ್ಟು ದಿನ ನೋಡ್ತೀರೋ ಅಷ್ಟು ದಿನ ಸಾರ್," ಎಂದಿದ್ದ ಗೋಲ್‌ಕೀಪರ್. ನಾವೆಲ್ಲ ನಕ್ಕೆವು. ಅಣ್ಣನೂ ನಕ್ಕಂತೆ ನನಗೆ ನೆನಪು.

ನಾನು ಪಿಯುಸಿಯಲ್ಲಿದ್ದ ವರ್ಷ ಅಣ್ಣ ಒಂದು ಸಂಜೆ ನಮ್ಮನ್ನು ಸುತ್ತ ಕೂರಿಸಿಕೊಂಡು ಸುದ್ದಿ ಹೇಳಿದರು. ಕೋಲಾರದ ಚಿನ್ನದ ಗಣಿಯ ತಂಡವೊಂದು ನಮ್ಮೊಡನೆ ಆಡಲು ಒಪ್ಪಿತ್ತು. ಶನಿವಾರ ರೈಲಿನಲ್ಲಿ ಹೋಗುವುದು, ಭಾನುವಾರ ಆಟ, ಸೋಮವಾರ ಬೆಳಿಗ್ಗೆ ವಾಪಸ್ಸು. ಊರು ಬಿಟ್ಟು ಆಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಗಣಿಯ ಆಟಗಾರರ ಹೆಸರು ಹೇಳಿದರೆ ದಂಡಿನವರೂ ಬೀಡಿ ಆರಿಸಿ ಕೇಳುತ್ತಾರೆಂದು ಅಣ್ಣನೇ ನಮಗೆ ಕಥೆ ಹೇಳಿದ್ದರು.

"ಎಲ್ರೂ ಬರ್ಬೇಕು. ಎಕ್ಸ್‌ಟ್ರಾ ಪ್ಲೇಯರ್ಸೂ ಬರ್ಬೇಕು. ಅಂಥಾ ಆಟ ಕಣ್ಣಲ್ಲಿ ನೋಡ್ಬೇಕು ನೀವು," ಎಂದರು.

ಗೋಲ್‌ಕೀಪರ್ ಮಾತ್ರ ಕೇಳಿದ: "ಅಣ್ಣಾ, ಭಾನುವಾರ ಇಲ್ಲಿ ಯಾರು ಒದೀತಾರೆ?"

"ಮೂರನೇ ಬೀದಿ ಹುಡುಗೀರು ಥ್ರೋಬಾಲ್ ಆಡ್ತಾರೆ. ನಾನು ಹೇಳಿದೀನಿ ಅವರಿಗೆ."

"ಬೇಡಣ್ಣ, ನಾನು ಉಳ್ಕೋತೀನಿ."

"ಲೋ, ನೀನು ಇಲ್ಲಿ ಉಳ್ಕೊಂಡ್ರೆ ಅಲ್ಲಿ ಗೋಲಲ್ಲಿ ಯಾರು ನಿಲ್ಲೋದು? ನಾನಾ? ಈ ಮಂಡಿ ಇಟ್ಕೊಂಡು?" ಎಂದು ಅಣ್ಣ ತಮ್ಮ ಎಡಗಾಲನ್ನು ಎತ್ತಿ ತೋರಿಸಿದರು. ಎಲ್ಲರೂ ಗೊಳ್ಳೆಂದರು. ಗೋಲ್‌ಕೀಪರನೂ ನಕ್ಕು ಒಪ್ಪಿದ. ಮೂರನೇ ಬೀದಿಯ ಹುಡುಗಿಯರನ್ನು ಹೋಗಿ ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಅಣ್ಣ ಹೇಳಿದ್ದನ್ನು ಇನ್ನೊಬ್ಬರ ಬಳಿ ವಿಚಾರಿಸುವುದು ನಮಗೆ ಗೊತ್ತಿರಲಿಲ್ಲ.

ಆ ಆಟವನ್ನು ಹೇಗೆ ಬರೆಯಲಿ? ಗಣಿಯ ಹೊರಗೆ ಗುಡ್ಡಗಳಂತೆ ಬಿದ್ದಿದ್ದ ಬೂದುಬಣ್ಣದ ಮಣ್ಣು, ಅದರ ಬುಡದಲ್ಲಿ ಕೆಂಪು ಮೈದಾನ, ಸುತ್ತಲೂ ಪಾಳಿ ಮುಗಿಸಿ ಬಂದ ಕಾರ್ಮಿಕರು. ಮೊದಲರ್ಧದಲ್ಲಿ ಅವರು ನಮ್ಮನ್ನು ಕಟ್ಟಿಹಾಕಿದರು. ಒಂದು ಗೋಲು ಬಿತ್ತು, ಇನ್ನಷ್ಟು ಬೀಳದಂತೆ ನಮ್ಮ ಗೋಲ್‌ಕೀಪರ್ ಮೈ ತರಚಿಕೊಂಡ. ಎರಡನೆಯರ್ಧದಲ್ಲಿ ನಾನು ಬಲ ಅಂಚಿನಿಂದ ಓಡಿ, ತಲೆಯೆತ್ತದೆ, ಅಣ್ಣ ವರ್ಷಗಟ್ಟಲೆ ಕೂಗಿ ಕಲಿಸಿದ್ದಂತೆ ಚೆಂಡನ್ನು ಅಡ್ಡಲಾಗಿ ಎತ್ತಿಕೊಟ್ಟೆ. ಯಾರದೋ ಹಣೆಗೆ ತಾಗಿ ಅದು ಬಲೆಯೊಳಗೆ ಹೋಯಿತು. ನಿಜವಾದ ಬಲೆ! ನಮ್ಮ ಗೋಲಿಗೆ ಬಲೆಯೇ ಇರಲಿಲ್ಲವಾದ್ದರಿಂದ, ಚೆಂಡು ಅದರಲ್ಲಿ ಸಿಕ್ಕಿ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿಯೇ. ಆಟ ಸಮವಾಯಿತು. ಮುದುಕ ಕಾರ್ಮಿಕರು ಬನ್ನು, ಟೀ ತಂದು ತಮಿಳಿನಲ್ಲಿ ಹೊಗಳಿದರು. ಅಣ್ಣ ನನ್ನ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ಅಲ್ಲಾಡಿಸಿದರು. ಅವರ ಕಣ್ಣು ಒದ್ದೆಯಾಗಿತ್ತು.

ಸೋಮವಾರ ಬೆಳಿಗ್ಗೆ ಸಿಟಿ ಸ್ಟೇಷನ್ನಿನಲ್ಲಿ ಇಳಿದಾಗ, ಶಿಫ್ಟಿದೆಯೆಂದು ಅಣ್ಣ ನೇರವಾಗಿ ಕಾರ್ಖಾನೆಗೆ ಹೋದರು. ನಾವು ಹಾಡುತ್ತ ಬಸ್ಸಿನಲ್ಲಿ ಬಂದು, ಮೊದಲು ಮೈದಾನಕ್ಕೆ ಹೋದೆವು.

ಸುತ್ತಲೂ ಕಲ್ಲುಕಂಬ, ಮುಳ್ಳುತಂತಿ. ನಡು ಅಂಕಣದಲ್ಲಿ ಚಪ್ಪರ, ಅದರೊಳಗೆ ಅರಿಶಿನ ಕುಂಕುಮ ಹಚ್ಚಿದ ಶಂಕುಸ್ಥಾಪನೆಯ ಕಲ್ಲು, ಒಣಗತೊಡಗಿದ್ದ ಬಾಳೆಕಂದು. ಚಪ್ಪರದ ಮುಂದಿನ ಕಾಲುಗಳು ನಮ್ಮ ನೀಲಗಿರಿ ಕಂಬಗಳಾಗಿದ್ದವು. ಗೋಲ್‌ಕೀಪರ್ ತಂತಿಯಾಚೆಯಿಂದಲೇ ಅವನ್ನು ಗುರುತು ಹಿಡಿದ. ಅವನು ಚೆಂಡಿನ ಚೀಲವನ್ನು ಹೆಗಲಿಗೇರಿಸಿ ಕಾಮಾಕ್ಷಿಪಾಳ್ಯದ ಕಡೆ ನಡೆದ.

ನಾನು ಮನೆಗೆ ಬಂದಾಗ ತಂದೆ ಲಿಂಗಪೂಜೆಯಲ್ಲಿದ್ದರು. ಅಂಗೈಯ ಲಿಂಗದ ಮೇಲೆ ದೃಷ್ಟಿಯಿಟ್ಟು ಕುಳಿತವರನ್ನು ಮಾತನಾಡಿಸುವಂತಿಲ್ಲ. ಪೂಜೆ ಮುಗಿಯುವವರೆಗೆ ಚೀಲ ಹಿಡಿದು ಬಾಗಿಲಲ್ಲೇ ನಿಂತೆ.

"ಅಪ್ಪಾಜಿ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾವು ಊರಲ್ಲಿಲ್ಲದ ದಿನ ನೋಡಿ ಮಾಡಿದ್ರಾ?"

ತಂದೆ ವಿಭೂತಿಯ ಕೈಯನ್ನು ಪಂಚೆಗೆ ಒರೆಸಿಕೊಂಡರು. ಅವರು ಸುಳ್ಳು ಹೇಳುವವರಲ್ಲ. ಕೇಳದೆ ನಿಜ ಹೇಳುವವರೂ ಅಲ್ಲ. "ದಿನ ಗೊತ್ತುಮಾಡಿದ್ದು ನಾವಲ್ಲ. ನಿಮ್ಮ ಕೋಚೇ ಅಧ್ಯಕ್ಷರ ಮನೆಗೆ ಬಂದಿದ್ದ. ಹುಡುಗರನ್ನ ಆ ಭಾನುವಾರ ದೂರ ಕರ್ಕೊಂಡು ಹೋಗ್ತೀನಿ, ಪೂಜೆ ಮುಗಿಸಿಕೊಳ್ಳಿ ಅಂದ. ಗಲಾಟೆ ಇಲ್ಲದೆ ಆಯ್ತಲ್ಲ, ಬಿಡು."

ಬಿಡು ಎಂದರು. ನಕ್ಷೆಯಲ್ಲಿ ಮಕ್ಕಳಿಗೆಂದು ಬರೆದ ನೆಲವನ್ನು ಮದುವೆಯ ಊಟಕ್ಕೆ ಬಿಟ್ಟುಕೊಟ್ಟ ಹಿರಿಯರು, ಆ ತೀರ್ಮಾನಕ್ಕೆ ಯಾವ ಅಧಿಕಾರ ತಮಗಿತ್ತೆಂದು ಇಂದಿನವರೆಗೂ ಹೇಳಿಲ್ಲ. ಯಾವ ಸಭೆಯಲ್ಲಿ, ಯಾರ ಒಪ್ಪಿಗೆಯಿಂದ, ಯಾವ ಕಚೇರಿಯ ಅನುಮತಿಯ ಮೇಲೆ? ಡಿಗ್ರಿಗೆ ಸೇರಿದ ಮೇಲೆ ನಾನು ಈ ಪ್ರಶ್ನೆಗಳನ್ನು ಸಮಿತಿಗೆ ಬರೆದು ಕಳುಹಿಸಿದೆ. ಅಧ್ಯಕ್ಷರು ನನ್ನ ತಂದೆಯನ್ನು ಕರೆಸಿ, "ಮಗನಿಗೆ ಬೇಗ ಕೆಲಸ ನೋಡ್ರಿ," ಎಂದರಂತೆ. ಅದೇ ನನಗೆ ಸಿಕ್ಕ ಅಧಿಕೃತ ಉತ್ತರ.

ಅಣ್ಣ ಶಿಫ್ಟು ಬದಲಿಸಿಕೊಂಡರು, ನಮ್ಮ ಬೀದಿಯಲ್ಲಿ ನಡೆಯುವುದನ್ನು ಬಿಟ್ಟರು. ತಂಡ ಆ ಮಳೆಗಾಲವನ್ನೂ ದಾಟಲಿಲ್ಲ. ಗೋಲ್‌ಕೀಪರ್ ದಂಡಿನ ಕ್ಲಬ್ಬೊಂದಕ್ಕೆ ಹೋಗಿ, ಮೀಸಲು ಆಟಗಾರರ ಸಾಲಿನಲ್ಲಿ ಎರಡು ವರ್ಷ ಕುಳಿತು, ಕೊನೆಗೆ ಅಪ್ಪನ ಗಿರಣಿಯನ್ನೇ ಸೇರಿದ.

ಮಂಟಪದ ಉದ್ಘಾಟನೆಯ ದಿನ ಅಣ್ಣನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಈ ಭಾಗಕ್ಕೆ ಫುಟ್‌ಬಾಲ್ ತಂದ ಮಹನೀಯರೆಂದು ಅಧ್ಯಕ್ಷರು ಮೈಕಿನಲ್ಲಿ ಹೊಗಳಿದರು. ನಾನು ಸಭೆಯಲ್ಲಿ ಎದ್ದು ನಿಂತು, "ಆ ಫುಟ್‌ಬಾಲ್ ಈಗ ಎಲ್ಲಿ ಆಡ್ಬೇಕು, ಅದನ್ನೂ ಹೇಳಿ ಸಾರ್," ಎಂದು ಕೂಗಿದೆ. ಇಬ್ಬರು ನನ್ನ ತೋಳು ಹಿಡಿದು ಹೊರಗೆ ನಡೆಸಿದರು. ಮುಂದಿನ ಸಾಲಿನಲ್ಲಿದ್ದ ತಂದೆ ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣನ ಮನೆಗೆ ಹೋದೆ. ಅವರು ಮಂಡಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಕುಳಿತಿದ್ದರು. ಅತ್ತಿಗೆ ಕಾಫಿ ತಂದಿಟ್ಟು ಒಳಗೆ ಹೋದರು.

"ಯಾಕಣ್ಣಾ?" ಎಂದೆ. ರಾತ್ರಿಯೆಲ್ಲ ಸಿದ್ಧಮಾಡಿಕೊಂಡಿದ್ದ ವಾದಗಳೆಲ್ಲ ಅಷ್ಟಕ್ಕೇ ಇಳಿದಿದ್ದವು.

"ಹೇಗಿದ್ರೂ ಅದು ಹೋಗ್ತಿತ್ತು ಕಣೋ. ಎಲ್ಲಾ ಕಡೆ ಸೈನ್ ಆಗ್ಹೋಗಿತ್ತು. ನೀವಿದ್ದಿದ್ರೆ ಅಡ್ಡ ಮಲಗ್ತಿದ್ರಿ. ಪೊಲೀಸ್ ಕರೆಸೋಕೆ ರೆಡಿ ಇದ್ರು. ನಿನ್ನನ್ನ ನಿಮ್ಮಪ್ಪ ಬಿಡಿಸ್ಕೊಂಡು ಬರೋರು. ಅವನನ್ನ ಯಾರು ಬಿಡಿಸ್ತಿದ್ರು? ಆ ಗೋಲ್‌ಕೀಪರನ್ನ?"

"ನಮ್ಮನ್ನ ಕೇಳ್ಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಹೌದು, ಬೇಡ ಅಂತಿದ್ವಿ. ಅದಕ್ಕೇ ಕೇಳ್ಬೇಕಿತ್ತು."

ಅವರು ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿದರು. ಮಂಟಪದ ಮೇಲಿನ ಮಹಡಿಯಲ್ಲಿ ಕ್ಲಬ್ಬಿಗೊಂದು ರೂಮು ಕೊಡುತ್ತೇವೆಂದು ಸಮಿತಿಯವರು ಮಾತು ಕೊಟ್ಟಿದ್ದರಂತೆ. ಈಗ ಅದರಲ್ಲಿ ಅಡುಗೆ ಪಾತ್ರೆಗಳನ್ನು ತುಂಬಿದ್ದಾರಂತೆ. ತಮಗೂ ಮೋಸವಾಯಿತೆಂದರು. ಆ ಮಾತನ್ನು ಬೀದಿಯಲ್ಲಿ ನಿಂತು, ಆಡಿದ ಹುಡುಗರೆಲ್ಲರ ಎದುರಿಗೆ, ಸಮಿತಿಯ ಹೆಸರು ಹಿಡಿದು ಹೇಳಬೇಕೆಂದು ಕೇಳಿದೆ. ತಾವು ದಿನ ಗೊತ್ತುಮಾಡಿದ್ದನ್ನೂ ಸೇರಿಸಿ ಹೇಳಬೇಕೆಂದೆ. ಅವರು ಕಾಫಿ ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು:

"ಆ ಮ್ಯಾಚ್ ಚೆನ್ನಾಗಿರ್ಲಿಲ್ವೇನೋ?"

ಚೆನ್ನಾಗಿತ್ತು. ಅದಕ್ಕಿಂತ ಒಳ್ಳೆಯ ಆಟವನ್ನು ನಾನು ಆಡಿಲ್ಲ, ಇನ್ನು ಆಡುವುದೂ ಇಲ್ಲ. ನಾನು ಆ ಬಲ ಅಂಚಿನಲ್ಲಿ ಓಡುತ್ತಿದ್ದ ಹೊತ್ತಿಗೆ ಇಲ್ಲಿ ಹಾರೆಯಿಂದ ನಮ್ಮ ಕಂಬಗಳನ್ನು ಕೀಳುತ್ತಿದ್ದರು, ಮತ್ತು ನನ್ನ ಆಟಕ್ಕೆ ಕಣ್ಣು ಒದ್ದೆ ಮಾಡಿಕೊಂಡ ಮನುಷ್ಯನಿಗೆ ಅದು ಗೊತ್ತಿತ್ತು. ಮೈದಾನವನ್ನು ಕಿತ್ತುಕೊಂಡವರ ಮೇಲಿನ ಸಿಟ್ಟಿಗೆ ನನ್ನ ಬಳಿ ಭಾಷೆಯಿದೆ. ಬರೆಯುತ್ತೇನೆ, ಕೂಗುತ್ತೇನೆ, ಉತ್ತರ ಸಿಗುವವರೆಗೆ ಕೇಳುತ್ತಲೇ ಇರುತ್ತೇನೆ. ಆದರೆ ಆ ಭಾನುವಾರವನ್ನು ನನಗೆ ಯಾರು ಮರಳಿಸಬೇಕು?

"ಚೆನ್ನಾಗಿತ್ತಣ್ಣ," ಎಂದೆ. ನಿಜವನ್ನು ಹೇಳದೆ ವಿಧಿಯಿರಲಿಲ್ಲ. ಕಾಫಿಯನ್ನು ಮುಟ್ಟದೆ ಎದ್ದು ಬಂದೆ. ಅಂದಿನಿಂದ ಅವರನ್ನು ಆ ಹೆಸರಿನಿಂದ ಕರೆದಿಲ್ಲ.