ಕ್ಯಾಥಿಯ ಅಪ್ಪನ ಓಟು

ಮೊನ್ನೆ ಮಂಗಳವಾರ ನಾನು ಮಾಡಿದ ಕೆಲಸಗಳು: ಬಾವಿಕಟ್ಟೆಯ ಪಾಚಿ ತಿಕ್ಕಿದೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಸೀಮೆಎಣ್ಣೆ ತಂದೆ. ಇವರ ಅಂಗಿಗೆ ಬಟನ್ ಹೊಲಿದೆ. ಹಪ್ಪಳ ಬಿಸಿಲಿಗೆ ಹಾಕಿ ಕಾಗೆ ಓಡಿಸಿದೆ. ಆಮೇಲೆ ಅಮೆರಿಕದ ಅಪ್ಪ-ಮಗಳ ಜಗಳವೊಂದಕ್ಕೆ ಪುತ್ತೂರಿನ ನಮ್ಮ ಜಗಲಿಯಲ್ಲಿ ಪಂಚಾಯತಿಗೆ ಕುಳಿತೆ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಮಹಡಿಯ ಕೋಣೆಯಲ್ಲಿ ಮಳೆಗಾಲ ಮುಗಿದಂದಿನಿಂದ ಕ್ಯಾಥಿ ಎಂಬ ಅಮೆರಿಕದ ಹುಡುಗಿ ಇದ್ದಾಳೆ. ಬೀಡಿ ಕಟ್ಟುವ ಹೆಂಗಸರು ಯಾರಿಗೆ ಓಟು ಹಾಕುತ್ತಾರೆ, ಯಾಕೆ ಹಾಕುತ್ತಾರೆ ಎಂಬುದು ಅವಳ ರಿಸರ್ಚು. (ಮದುವೆಯಾಗಿ ಇಷ್ಟು ವರ್ಷವಾದರೂ ಇವರು ನನ್ನನ್ನು ಆ ಪ್ರಶ್ನೆ ಕೇಳಿಲ್ಲ!) ಅವಳು ಪಕ್ಕಾ ಎಡಪಂಥದವಳು. ಕನ್ನಡವನ್ನು ಅಲ್ಲಿನ ಯುನಿವರ್ಸಿಟಿಯಲ್ಲೇ ಕಲಿತು ಬಂದವಳು. ಹಾಗಾಗಿ ನಮಗಿಂತ ಶುದ್ಧ.

ಮಧ್ಯಾಹ್ನ ಪಕ್ಕದ ಮನೆಯ ಐಸಮ್ಮ ಎಂದಿನಂತೆ ಬೀಡಿ ಎಲೆ, ಹೊಗೆಸೊಪ್ಪು ತುಂಬಿದ ಮೊರ ಹಿಡಿದು ನಮ್ಮ ಜಗಲಿಗೆ ಬಂದಳು. ಕ್ಯಾಥಿ ಪೆನ್ನು ತೆಗೆದಳು.

"ತಾವು ಯಾವ ಪಕ್ಷಕ್ಕೆ ಮತ ಚಲಾಯಿಸುವಿರಿ?"

"ಚಲಾಯಿಸ್ಲಿಕ್ಕೆ ಅದೆಂತ ಬಸ್ಸಾ ಮಾರಾಯ್ತಿ?" ಐಸಮ್ಮನ ಬೆರಳು ನಿಲ್ಲಲಿಲ್ಲ. "ನಿನ್ನ ಅಪ್ಪ ಯಾರಿಗೆ ಹಾಕಿದ್ದು, ಮೊದಲು ಅದು ಹೇಳು. ಮತ್ತೆ ನಾನು ಹೇಳ್ತೇನೆ."

ನಮ್ಮಲ್ಲಿ ಅದು ಕ್ರಮ. ಮಕ್ಕಳೆಷ್ಟು ಎಂದು ಕೇಳಿದವರು ತಮ್ಮ ಮಕ್ಕಳ ಸುದ್ದಿಯನ್ನೂ ಹೇಳಬೇಕು. ಐಸಮ್ಮನ ಪ್ರಕಾರ ಅದು ಸುಲಭದ ಪ್ರಶ್ನೆ. ಒಂದು ಮನೆಗೆ ಒಂದೇ ಪಾರ್ಟಿ ಎಂದು ತಿಳಿದವಳು ಅವಳು. ಮಗಳು ಕೆಂಪು ಬಾವುಟವಾದರೆ ಅಪ್ಪ ಇನ್ನೇನಾಗಲು ಸಾಧ್ಯ?

ಕ್ಯಾಥಿ ಪೆನ್ನು ಕೆಳಗಿಟ್ಟಳು. ಮುಖ ಕೆಂಪಾಯಿತು.

ಅವಳ ಅಪ್ಪ ಕಬ್ಬಿಣದ ಕಾರ್ಖಾನೆಯ ಕೆಲಸಗಾರ. ಅಲ್ಲಿ ಇದ್ದುದರಲ್ಲಿ ಎಡಕ್ಕೆ ವಾಲಿದ ಪಕ್ಷಕ್ಕೇ ಜೀವಮಾನವಿಡೀ ಓಟು ಹಾಕಿದ ಯೂನಿಯನ್ ಮನುಷ್ಯ. ಕಳೆದ ಚುನಾವಣೆಯಲ್ಲಿ ಮಾತ್ರ ಆಚೆ ಕಡೆಗೆ ಹಾಕಿದರಂತೆ. "ಓದಿದ್ದರೆ ನೀವು ಹೀಗೆ ಮಾಡುತ್ತಿರಲಿಲ್ಲ" ಎಂದಳಂತೆ ಮಗಳು. ಅಂದಿನಿಂದ ಮಾತಿಲ್ಲ. ಈಗ ಅಮ್ಮನಿಂದ ಸುದ್ದಿ ಬಂದಿದೆ: ಕಾರ್ಖಾನೆಗೆ ಬೀಗ ಬಿತ್ತು.

"ಅಕ್ಕ, ನಾನು ಮಾತನಾಡಿಸಿದರೆ ಅವರು ಉತ್ತರ ಕೊಡುವರೇ?" ಎಂದು ನನ್ನನ್ನು ಕೇಳಿದಳು.

ಅವಳು ಓದಿದ್ದು ಸಮುದ್ರದ ಬದಿಯ ದೊಡ್ಡ ಪೇಟೆಯಲ್ಲಿ. ಅಲ್ಲಿ ಪ್ರೊಫೆಸರರಿಂದ ಹಿಡಿದು ಹಾಸ್ಟೆಲಿನವರವರೆಗೆ ಎಲ್ಲ ಎಡವೇ. ಒಳನಾಡಿನ ಕಾರ್ಖಾನೆ ಊರುಗಳಲ್ಲಿ, ಯಾರ ಹೆಸರಿನಲ್ಲಿ ಈ ಮಾತೆಲ್ಲ ನಡೆಯುತ್ತದೋ ಅವರು ಒಬ್ಬೊಬ್ಬರಾಗಿ ಆಚೆ ಹೋಗುತ್ತಿದ್ದಾರಂತೆ.

ನಮ್ಮಲ್ಲೇನು ಬೇರೆಯೇ? ಕೆದಂಬಾಡಿ ಕಡೆಯ ನನ್ನ ಸ್ವಂತ ದೊಡ್ಡಪ್ಪ ಗೇಣಿ ಒಕ್ಕಲಾಗಿದ್ದಾಗ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ. ಭೂಸುಧಾರಣೆಯ ಕಾನೂನು ಬಂದಾಗ ಡಿಕ್ಲರೇಶನ್ ಕೊಟ್ಟು, ಉಳುತ್ತಿದ್ದ ಭೂಮಿ ಅವರ ಹೆಸರಿಗಾಯಿತು. ಈಗ ಕೂಲಿ ಜಾಸ್ತಿ ಕೇಳುವವರನ್ನು ಕಂಡರೆ ದೊಡ್ಡಪ್ಪನಿಗೆ ತಲೆಬಿಸಿ. ಅವರ ಹಳೆಯ ಧಣಿಯ ಮಗ ಪುತ್ತೂರಿನ ಕಾಲೇಜಿಗೆ ಬಂದವನು, ಗಡ್ಡ ಬಿಟ್ಟು ಕ್ರಾಂತಿ ಎನ್ನುತ್ತಾನೆ. ಅತ್ತ ಸುಳ್ಯದ ರಬ್ಬರ್ ತೋಟದ ಲೈನ್ ಮನೆಯ ಕೂಲಿಯವನಿಗೆ ಇವರಿಬ್ಬರೂ ದೂರ.

"ನನ್ನ ತಮ್ಮನೂ ಹಾಗೆಯೇ," ಎಂದಳು ಐಸಮ್ಮ. "ಗಲ್ಫಿಗೆ ಹೋಗುವ ಮೊದಲು ಸ್ಟ್ರೈಕಿನಲ್ಲಿ ಗಂಟಲು ಹರಿಯುವ ಹಾಗೆ ಕೂಗುದು. ಈಗ ರಜೆಯಲ್ಲಿ ಬಂದು ಸ್ಟ್ರೈಕ್ ಎಂತಕ್ಕೆ ಅಂತ ನನಗೇ ಬುದ್ಧಿ ಹೇಳುದು. ನಾನು ಪತ್ತಿರಿ ಬಡಿಸ್ತಾ ಬಡಿಸ್ತಾ ಬೈಯುದು. ಬಾಯಿ ಮುಚ್ಚಿ ಕೂತರೆ ಅವನಿಗೆ ಬೈಯುದು ಯಾರು? ಹೋಗು, ಫೋನ್ ಮಾಡು."

ರಸ್ತೆಯಾಚೆಯ ಡಾಕ್ಟರ ಮನೆಯಿಂದ ಟ್ರಂಕ್ ಕಾಲ್ ಬುಕ್ ಮಾಡಿದೆವು. ದೀಪ ಹಚ್ಚಿದ ಮೇಲೆ ಲೈನು ಸಿಕ್ಕಿತು. ಕ್ಯಾಥಿ ಕೂಗಿದ ಕೂಗಿಗೆ ಬೀದಿಯವರೆಲ್ಲ ಹೊರಗೆ.

"ಹೀಗೆ ಕೂಗುದಾದರೆ ಫೋನ್ ಎಂತಕ್ಕೆ!" ಎಂದಳು ಐಸಮ್ಮ.

ಆ ಕಡೆ ಏನಾಯಿತೆಂದು ಕ್ಯಾಥಿ ಆಮೇಲೆ ಹೇಳಿದಳು. ಅಪ್ಪನ ಮೊದಲ ಮಾತು, "ಏನಾಯ್ತು, ಹುಷಾರಿದ್ದೀಯಾ?" ಹುಷಾರಿದ್ದೇನೆ ಎಂದು ಹೇಳಿ ಇವಳು ಐಸಮ್ಮನ ಬೀಡಿಯ ಕಥೆ ಶುರು ಮಾಡಿದಳು. ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಒಯ್ದರೆ ಅವರು ಸರಿಯಿಲ್ಲವೆಂದು ಒಂದಷ್ಟನ್ನು ತೆಗೆದಿಡುತ್ತಾರೆ, ಅದಕ್ಕೆ ಮಜೂರಿ ಇಲ್ಲ, ಬೀಡಿಯೂ ವಾಪಸಿಲ್ಲ ಎಂದಳು.

ಅಷ್ಟು ಹೊತ್ತು ಹೂಂ ಎನ್ನುತ್ತಿದ್ದ ಮನುಷ್ಯ ಸಿಡಿದೆದ್ದರಂತೆ. "ವಾಪಸ್ ಕೊಡುವುದಿಲ್ಲವಾ? ಹಾಗಾದರೆ ಆ ಮಾಲು ಯಾರ ಪಾಲಿಗೆ? ಅಲ್ಲಿನ ಯೂನಿಯನ್ ಏನು ನಿದ್ದೆ ಮಾಡುತ್ತಿದೆಯಾ? ನೀನು ಅಲ್ಲಿ ಬರೆಯುತ್ತಾ ಕೂತಿದ್ದೀಯಾ?"

ಅಲ್ಲಿಗೆ ಲೈನು ಕಟ್ಟಾಯಿತು.

ಕ್ಯಾಥಿ ರಿಸೀವರ್ ಹಿಡಿದುಕೊಂಡೇ ನಗುತ್ತಿದ್ದಳು. ಕಣ್ಣಲ್ಲಿ ನೀರು. ಈ ಮನುಷ್ಯನನ್ನು ನೀವು ಯಾವ ಕಡೆಗೆ ಸೇರಿಸುತ್ತೀರಿ, ಎಡಕ್ಕಾ, ಬಲಕ್ಕಾ? ನನಗಂತೂ ತಿಳಿಯಲಿಲ್ಲ.

"ಅವರನ್ನು ಇಲ್ಲಿಗೆ ಬರ್ಲಿಕ್ಕೆ ಹೇಳು," ಎಂದಳು ಐಸಮ್ಮ, ಇದನ್ನೆಲ್ಲ ಕೇಳಿ ಬಹಳ ಖುಷಿಯಲ್ಲಿ. "ಬ್ರಾಂಚಿಗೆ ಒಟ್ಟಿಗೆ ಹೋಗುವ."

"ನನ್ನ ಅಪ್ಪನ ಮತ ಯಾರಿಗೆಂದು ನಾನು ಹೇಳಿದೆನಲ್ಲ. ಈಗ ತಮ್ಮ ಮತ ಯಾರಿಗೆ?"

"ಅದೆಲ್ಲ ಹೇಳ್ಲಿಕ್ಕುಂಟಾ ಮಾರಾಯ್ತಿ!"

ರಾತ್ರಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಒಣಮೀನು. ಕ್ಯಾಥಿ ಎರಡು ಸಲ ಬಡಿಸಿಕೊಂಡಳು. ದಿನಾ ಎಲ್ಲರಿಗಿಂತ ತಡವಾಗಿ ದೀಪ ಆರಿಸುವವಳು, ಅಂದು ಮೊದಲು ಮಲಗಿದ್ದೂ ಅವಳೇ. ಅವಳ ಊರಿನಲ್ಲಿ ಆಗ ಹಗಲು. ಕೆಲಸವಿಲ್ಲದ ಹಗಲನ್ನು ಆ ಅಪ್ಪ ಹೇಗೆ ಕಳೆಯುತ್ತಿದ್ದರೋ?