ಹಾವು ಬಂತ್ರೀ!

ಹೊರದೇಶದ ಪೊವೇ ಊರಿನಲ್ಲಿದ್ದಾಗ ನಮ್ಮ ಪಕ್ಕದ ಮನೆಯ ಧಾರವಾಡದ ಅಂಕಲ್ ಗರಾಜಿನಲ್ಲಿ ಚೆಲ್ಲೊ ಎಂಬ ದೊಡ್ಡ ಪಿಟೀಲನ್ನು ನುಡಿಸುವ ಬರೋಕ್ ಕಾಲದ ಕಮಾನು ಮಾಡುತ್ತಿದ್ದರು. ಈಗಿನ ಕಮಾನು ಒಳಕ್ಕೆ ಬಾಗಿದರೆ ಆ ಹಳೆಯ ಕಾಲದ್ದು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ. ಖುಷಿಯಾದರೆ ಸಾಕು, ಅಂಕಲ್ "ಲಗೂನ ಬರ್ರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುವರು.

ಒಂದು ಬೆಳಿಗ್ಗೆ, "ಲಗೂನ ಬರ್ರಿ, ಹಾವು ಬಂತ್ರೀ!" ಎಂದರು. ನಮ್ಮಲ್ಲಿ ಗುಡ್ಡದಿಂದ ಗಿಲಕಿ ಬಾಲದ ವಿಷಹಾವು ರ‍್ಯಾಟಲ್‌ಸ್ನೇಕ್ ಇಳಿಯುವುದು ಹೊಸದಲ್ಲ. ಪೊರಕೆ ಹಿಡಿದು ಓಡಿದೆ. ನೋಡಿದರೆ ಅವರ ಕೈಯಲ್ಲೊಂದು ಮರದ ತುಂಡು! ಒದ್ದೆ ಬಟ್ಟೆಯಿಂದ ಒರೆಸಿದ್ದೇ ತಡ, ಕೆಂಪು ಮೈಮೇಲೆ ಕಪ್ಪು ಮಚ್ಚೆಗಳು ಎದ್ದು ಬಂದವು, ಥೇಟ್ ಹಾವಿನ ಚರ್ಮ.

"ಸ್ನೇಕ್‌ವುಡ್ ರೀ! ಬರೋಕ್ ಕಮಾನಿಗೆ ಇದಾ ಬೇಕು. ಎತ್ತಿ ನೋಡ್ರಿ, ಕಬ್ಬಿಣ ಇದ್ದಂಗೈತಿ!" ಆಮೇಲೆ ನನ್ನ ಪೊರಕೆಯತ್ತ ನೋಡಿದರು. "ಕಸಬರಿಗಿ ಯಾಕ ತಂದ್ರಿ?"

ಅಲ್ಲಿಂದ ನಮ್ಮೆರಡೂ ಮನೆಗಳಲ್ಲಿ ಹಾವು ಎಂದರೆ ಕಮಾನು. ಹೊಸದು ಸಿದ್ಧವಾದಾಗಲೆಲ್ಲ ಚೆಲ್ಲೊ ಕಲಿಯುತ್ತಿದ್ದ ನನ್ನ ಮಗಳೇ ಮೊದಲು ನುಡಿಸಬೇಕು.

ಬೇಸಿಗೆಯಲ್ಲಿ ಗರಾಜಿನಿಂದ ಮತ್ತೆ ಅದೇ ಕೂಗು. "ಹಾವು ಬಂತ್ರೀ!"

"ಐ ಪ್ಲೇ ಫಸ್ಟ್!" ಎನ್ನುತ್ತ ಮಗಳು ಚೆಲ್ಲೊ ಎತ್ತಿಕೊಂಡು ಓಡಿದಳು, ಹಿಂದೆ ನಾನು.

ಅಂಕಲ್ ಮೇಜು ಹತ್ತಿ ನಿಂತಿದ್ದರು. ಕೆಳಗೆ ನಿಜವಾದ ಹಾವು ಬಾಲದ ಗಿಲಕಿ ಆಡಿಸುತ್ತಿತ್ತು. ಅವರು ನಮ್ಮ ಚೆಲ್ಲೊ ನೋಡಿದರು.

"ಕಸಬರಿಗಿ ಯಾಕ ತರಲಿಲ್ರಿ?"